ಜೋಡಿ ಪದವಿ ಮತ್ತು ಬೆಳ್ಳಿ ಕೆಲಸದ ಹೊಗೆ

ಅವನು ತನ್ನ ಕಾಲ ಮೇಲೆ ನಡೆದು ಆಸ್ಪತ್ರೆಗೆ ಬಂದಿದ್ದ. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಬೆಳಗಿನ ಸಾಲಿನಲ್ಲಿ ನಿಂತು, ಸರದಿ ಬಂದಾಗ ನನ್ನೆದುರಿನ ಸ್ಟೂಲಿನ ಮೇಲೆ ಕೂತು, ಥಂಡಿ ಜ್ವರ ಬಂದಿದೆ, ಎದೆ ಬಿಗಿದ ಹಾಗಾಗಿದೆ ಎಂದ. ಮೂವತ್ತು ದಾಟಿರದ, ಗಟ್ಟಿ ಮೈಕಟ್ಟಿನ ಮನುಷ್ಯ. ನಿಪ್ಪಾಣಿ ಕಡೆಯ ಒಂದು ಗಡಿಹಳ್ಳಿಯವನು. ಮನೆಯಲ್ಲೇ ಕೂತು ಬೆಳ್ಳಿಯ ಕಾಲ್ಗೆಜ್ಜೆ ಮಾಡುವುದು ಅವನ ಕಸುಬು. ಆ ಭಾಗದ ಹಳ್ಳಿಗಳಲ್ಲಿ ಎಷ್ಟೋ ಮನೆಗಳು ಇದನ್ನೇ ನಂಬಿವೆ. ಅವರು ಅದನ್ನು ಚಾಂದಿ ಕೆಲಸ ಎನ್ನುತ್ತಾರೆ.

ಹಂದಿಜ್ವರದ ಭಯ ಇನ್ನೂ ಆರಿರದ ದಿನಗಳವು. ಥಂಡಿ, ಕೆಮ್ಮು, ಮೈಕೈ ನೋವು ಅಂದರೆ ಎಲ್ಲರ ಮನಸ್ಸೂ ಅಲ್ಲಿಗೇ ಹೋಗುತ್ತಿತ್ತು. ನಾನೂ ಅದನ್ನೇ ಅನುಮಾನಿಸಿದೆ. ಗಂಟಲಿನ ಮಾದರಿ ತೆಗೆದು ಕಳಿಸಿ, ಅವನನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಮಾತ್ರೆ ಶುರು ಮಾಡಿದೆ. ಮೊದಲ ಎಕ್ಸ್‌ರೇ ಹೆಚ್ಚುಕಡಿಮೆ ಸ್ವಚ್ಛವಾಗಿಯೇ ಇತ್ತು. ಮರುದಿನ ತೆಗೆಸಿದಾಗ ಎರಡೂ ಪುಪ್ಪುಸಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಆಮ್ಲಜನಕ ಕೊಟ್ಟಷ್ಟೂ ಸಾಲದಾಯಿತು. ಕೆಮ್ಮಿದಾಗ ತೆಳು ಗುಲಾಬಿ ಬಣ್ಣದ ನೊರೆ ಬರತೊಡಗಿತು. ಬೆಳಗಾವಿಗೆ ಕಳಿಸಿದೆವು. ಆಂಬುಲೆನ್ಸ್ ಊರು ಮುಟ್ಟುವ ಮೊದಲೇ ಅವನ ಉಸಿರು ನಿಂತಿತ್ತು.

ಹಂದಿಜ್ವರದ ಸಾವು ಎಂದೇ ಎಲ್ಲರೂ ಮಾತಾಡಿಕೊಂಡರು. ಕೆಲವು ದಿನಗಳ ನಂತರ ಫಲಿತಾಂಶ ಬಂತು. ಹಂದಿಜ್ವರ ಇರಲಿಲ್ಲ.

ಇಂಥ ಗಟ್ಟಿ ಮನುಷ್ಯ ಎರಡು ದಿನದಲ್ಲಿ ನನ್ನ ಕಣ್ಣೆದುರೇ ತನ್ನ ಪುಪ್ಪುಸದ ನೀರಿನಲ್ಲಿ ಮುಳುಗಿ ಹೋಗಿದ್ದ. ಯಾವುದರಿಂದ ಎಂದು ಹೇಳಲು ನನ್ನ ಹತ್ತಿರ ಒಂದು ಹೆಸರೂ ಇರಲಿಲ್ಲ.

ಆಗ ನನ್ನ ತಲೆಯಲ್ಲಿ ತುಂಬಿದ್ದ ವಿಷಯವೇ ಬೇರೆ. ದೂರದ ಒಂದು ದೊಡ್ಡ ಸಂಸ್ಥೆಯಲ್ಲಿ ಎಂ.ಡಿ. ಮತ್ತು ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಮಾಡುವ ಕೋರ್ಸಿಗೆ ನಾನು ಅರ್ಜಿ ಹಾಕಿದ್ದೆ. ಮೊದಲ ಸುತ್ತು ದಾಟಿದ್ದೆ. ಎರಡನೆಯ ಸುತ್ತಿನಲ್ಲಿ ನಾನು ಮಾಡಲಿರುವ ಸಂಶೋಧನೆ ಏನೆಂದು ತಜ್ಞರ ಮುಂದೆ ವಿವರಿಸಬೇಕು. ಅಲ್ಲಿಯ ಪ್ರಯೋಗಾಲಯ ಮಲೇರಿಯಾ ರೋಗಾಣುವಿನ ಒಂದು ಪ್ರೋಟೀನಿನ ಮೇಲೆ ಕೆಲಸ ಮಾಡುತ್ತಿತ್ತು. ನಾನೂ ಅದಕ್ಕೆ ಹೊಂದುವ ಯೋಜನೆಯನ್ನೇ ಬರೆದುಕೊಂಡಿದ್ದೆ. ನಮ್ಮ ಮನೆಯಲ್ಲಿ ಇದು ಯಾರಿಗೂ ಅರ್ಥವಾಗಿರಲಿಲ್ಲ. ಡಾಕ್ಟರ್ ಆದ ಮೇಲೆ ಇನ್ನೊಮ್ಮೆ ಡಾಕ್ಟರ್ ಆಗುವುದೆಂದರೆ ಏನು ಎಂದು ಅವ್ವ ಕೇಳಿದ್ದಳು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅವರು ಮಾತ್ರ, ಮೊದಲನೆಯದು ರೋಗಿಯನ್ನು ನೋಡುವುದು, ಎರಡನೆಯದು ರೋಗವನ್ನು ನೋಡುವುದು ಎಂದು ಅವ್ವನಿಗೆ ತಿಳಿಸಿ ಹೇಳಿದ್ದರು.

ಗಂಟಲಿನ ಮಾದರಿಯ ಫಲಿತಾಂಶ ಬಂದ ಮರುವಾರ ಸತ್ತವನ ಹೆಂಡತಿ ಆಸ್ಪತ್ರೆಗೆ ಬಂದಳು. ಊರಲ್ಲಿ ಅವಳ ಮನೆಗೆ ಯಾರೂ ಕಾಲಿಡುತ್ತಿಲ್ಲ, ಅಂಗಡಿಯವನು ಸಾಮಾನನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಸರಿಯುತ್ತಾನೆ ಎಂದು ಹೇಳಿದಳು. ಅವನಿಗೆ ಹಂದಿಜ್ವರ ಇರಲಿಲ್ಲ ಎಂದು ನಾನು ಹೇಳಿದೆ.

‘ಅದನ್ನ ನನಗ ಹೇಳಿದ್ರ ಏನ್ ಬಂತ್ರಿ ಮೇಡಮ್ಮಾರ? ನಮ್ಮ ಓಣ್ಯಾಗ ಬಂದು ಹೇಳ್ರಿ’ ಎಂದಳು.

ಹೋದೆ. ಓಣಿಯಲ್ಲಿ ನಿಂತು, ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಅಂಗಡಿಯವನನ್ನು ಕರೆದು ಅವನ ಎದುರೇ ಅವಳ ಮನೆಯ ನೀರು ಕುಡಿದೆ. ಆಮೇಲೆ ಅವಳು ನನ್ನನ್ನು ಗಂಡ ಕೆಲಸ ಮಾಡುತ್ತಿದ್ದ ಕೋಣೆಗೆ ಕರೆದುಕೊಂಡು ಹೋದಳು. ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲದಂಥ ಕೋಣೆ. ಇದ್ದ ಒಂದೇ ಕಿಟಕಿಗೆ ಗೋಣಿಚೀಲ ಬಡಿದಿದ್ದರು. ಗಾಳಿ ಬಂದರೆ ಬೆಸುಗೆಯ ಉರಿ ಅಲ್ಲಾಡುತ್ತದೆ, ಬೆಳ್ಳಿಯ ಪುಡಿ ಹಾರುತ್ತದೆ. ಕರಗಿಸುವ ಮೂಸೆಯ ಸುತ್ತ ನೆಲದ ಮೇಲೆ, ಮೇಲಿನ ತೊಲೆಯ ಮೇಲೆ ಕಂದು ಹಳದಿ ಬಣ್ಣದ ಪುಡಿ ಕೂತಿತ್ತು. ಜ್ವರ ಬರುವ ಮುಂಚೆ ಅವನು ಏನು ಮಾಡುತ್ತಿದ್ದ ಎಂದು ಕೇಳಿದೆ. ಬೆಸುಗೆಗೆ ಹಾಕುವ ಕಡ್ಡಿಗಳನ್ನು ತಾನೇ ತಯಾರು ಮಾಡುತ್ತೇನೆಂದು ಬಾಗಿಲು ಹಾಕಿಕೊಂಡು, ಬೆಳ್ಳಿ ಕರಗಿಸಿ ಅದರಲ್ಲಿ ಇನ್ನೊಂದು ಬಿಳಿ ಲೋಹ ಬೆರೆಸುತ್ತಿದ್ದನಂತೆ. ಹಿಂದೆ ತಯಾರಾದ ಕಡ್ಡಿಗಳೇ ಬರುತ್ತಿದ್ದವು, ಸ್ವತಃ ಬೆರೆಸಿದ್ದು ಅದೇ ಮೊದಲು.

ಆ ಬಿಳಿ ಲೋಹ ಕ್ಯಾಡ್ಮಿಯಂ. ಬೆಳ್ಳಿ ಬೇಗ ಕರಗಿ ಚೊಕ್ಕವಾಗಿ ಕೂಡಿಕೊಳ್ಳಲಿ ಎಂದು ಬೆಸುಗೆಯಲ್ಲಿ ಬೆರೆಸುತ್ತಾರೆ. ಕಾದಾಗ ಅದು ಹೊಗೆಯಾಗುತ್ತದೆ. ಹೊಗೆ ಎಳೆದುಕೊಂಡವನಿಗೆ ಆ ಕ್ಷಣ ಏನೂ ಆಗುವುದಿಲ್ಲ. ಕೆಲವು ಗಂಟೆಗಳ ನಂತರ ಫ್ಲೂ ತರಹದ ಜ್ವರ, ಆಮೇಲೆ ಪುಪ್ಪುಸ ತುಂಬಿ ಸಾವು. ಓದಿದ ಪುಸ್ತಕದಲ್ಲಿ ಇದು ಎರಡು ಸಾಲು ಇತ್ತು. ಆ ಎರಡು ಸಾಲನ್ನು ನಾನು ಅವನ ಕೋಣೆ ನೋಡಿದ ಮೇಲೆ ಹುಡುಕಿ ತೆಗೆದೆ.

ಕಾಲೇಜಿನಲ್ಲಿ ನನಗೆ ಮೆಡಿಸಿನ್ ಕಲಿಸಿದ ಪ್ರೊಫೆಸರಿಗೆ ಫೋನ್ ಮಾಡಿದೆ. ಈ ಜೋಡಿ ಪದವಿಗೆ ಅರ್ಜಿ ಹಾಕು ಎಂದು ಬೆನ್ನು ಹತ್ತಿದವರೂ ಅವರೇ. ದೇಹ ಸುಟ್ಟಾಗಿದೆ, ಇನ್ನು ಏನನ್ನೂ ಸಾಬೀತು ಮಾಡಲಾಗದು ಎಂದರು. ಆದರೆ ಆ ಊರಲ್ಲಿ ಅದೇ ಹೊಗೆಯಲ್ಲಿ ಕೂತವರು ಇನ್ನೂ ಬದುಕಿದ್ದಾರೆ. ಈ ಲೋಹ ಒಮ್ಮೆ ಮೈ ಸೇರಿದರೆ ಮೂತ್ರಪಿಂಡದಲ್ಲಿ ಮನೆಮಾಡಿ ದಶಕಗಟ್ಟಲೆ ಕೂರುತ್ತದೆ. ಬದುಕಿದವರ ಮೂತ್ರ ಪರೀಕ್ಷೆ ಮಾಡು, ಅದಕ್ಕೂ ಮೊದಲು ಕಿಟಕಿ ತೆಗೆಸು, ಅದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ ಎಂದು ಹೇಳಿದರು.

ಕಿಟಕಿ ತೆಗೆಸುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ರವಿವಾರ ರವಿವಾರ ಆ ಊರಿಗೆ ಹೋದೆ. ಕೆಲವರು ನನ್ನೆದುರು ಗೋಣಿಚೀಲ ಕಿತ್ತರು, ನಾನು ಓಣಿ ದಾಟುವಷ್ಟರಲ್ಲಿ ಮತ್ತೆ ಕಟ್ಟಿದರು. ಮೂತ್ರ ಕೊಡುವುದಕ್ಕೂ ಹೆದರಿದರು. ಸರಕಾರದವರು ಬಂದು ಕೆಲಸ ಬಂದ್ ಮಾಡಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಕೊನೆಗೆ ದಾರಿ ಮಾಡಿದವಳು ಸತ್ತವನ ಹೆಂಡತಿಯೇ. ಮನೆಮನೆಗೆ ನನ್ನ ಜೊತೆ ಬಂದಳು. ಅವಳು ಹೊಸ್ತಿಲಲ್ಲಿ ನಿಂತರೆ ಸಾಕು, ಒಳಗಿನವರಿಗೆ ಇಲ್ಲ ಎನ್ನಲು ಆಗುತ್ತಿರಲಿಲ್ಲ.

ಮಾದರಿಗಳನ್ನು ಒಂದು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳಿಸಿದೆ. ಪ್ರೊಫೆಸರ್ ಹೇಳಿದ್ದರೆಂದು ಬರೀ ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನೂ ಜೊತೆಗಿಟ್ಟಿದ್ದೆ. ಮೂರು ವಾರದ ಮೇಲೆ ಅಲ್ಲಿಯ ರಸಾಯನಶಾಸ್ತ್ರಜ್ಞರು ಫೋನ್ ಮಾಡಿ, ಎಲ್ಲವನ್ನೂ ಚೆಲ್ಲಿಬಿಟ್ಟೆವು ಎಂದರು. ಬರೀ ನೀರಿನ ಬಾಟಲಿಯಲ್ಲೇ ಕ್ಯಾಡ್ಮಿಯಂ ಸಿಕ್ಕಿತ್ತು. ನಾನು ಪೇಟೆಯಿಂದ ತಂದ ಬಾಟಲಿಗಳ ಬಣ್ಣದ ಮುಚ್ಚಳದಿಂದ ಬಂದಿರಬೇಕು ಎಂದು ಅವರ ಅಂದಾಜು. ಅಷ್ಟು ಜನರ ಕೈಕಾಲು ಹಿಡಿದು ತಂದದ್ದೆಲ್ಲ ನಿರುಪಯೋಗವಾಯಿತು.

ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಬಣ್ಣವಿಲ್ಲದ ಬಾಟಲಿಗಳನ್ನು ತರಿಸಿದೆ. ಅವನ್ನು ತೆಳು ನೈಟ್ರಿಕ್ ಆಮ್ಲದಲ್ಲಿ ಒಂದು ದಿನ ನೆನೆಸಿ, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಧೂಳು ತಾಗದಂತೆ ಚೀಲದಲ್ಲಿ ಮುಚ್ಚಿಡಬೇಕಿತ್ತು. ಅಪ್ಪ ಚಿಕ್ಕೋಡಿಯ ನಮ್ಮ ಮನೆಯ ಹಿತ್ತಲಲ್ಲಿ ಕೈಗವಸು ಹಾಕಿಕೊಂಡು ಇದನ್ನು ಮಾಡಿದರು. ಶಾಲೆಯ ಮಕ್ಕಳಿಗೆ ಹೇಳಿಕೊಡುವ ದನಿಯಲ್ಲಿ, ಆಮ್ಲಕ್ಕೆ ನೀರು ಹಾಕಬಾರದು, ನೀರಿಗೆ ಆಮ್ಲ ಹಾಕಬೇಕು ಎಂದು ನನಗೂ ಹೇಳಿದರು. ಮೂತ್ರದಲ್ಲಿ ಹೋಗುವ ಒಂದು ಸಣ್ಣ ಪ್ರೋಟೀನನ್ನೂ ಈ ಸಲ ನೋಡುವುದಿತ್ತು. ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳು ಕೆಟ್ಟರೆ ಮೊದಲು ಸೋರುವುದು ಅದೇ. ಹುಳಿ ಮೂತ್ರದಲ್ಲಿ ಅದು ಒಡೆದುಹೋಗುತ್ತದೆ. ಹಾಗಾಗಿ ಪ್ರತಿಯೊಬ್ಬರಿಗೂ ಮೊದಲು ಸೋಡಾ ಬೆರೆಸಿದ ನೀರು ಕುಡಿಸಬೇಕಿತ್ತು.

ಎರಡನೆಯ ಸಲ ಮಾದರಿ ತರಲೆಂದು ಆ ಊರಿಗೆ ಹೋದಾಗ ಸತ್ತವನ ಹೆಂಡತಿ ಬಾಗಿಲಿಗೆ ಬರಲಿಲ್ಲ. ಒಳಗೆ ಹೋದೆ. ಗಂಡನ ಕೋಣೆಯಲ್ಲಿ, ಗಂಡನ ಜಾಗದಲ್ಲಿ ಕೂತು ಅವಳು ಗೆಜ್ಜೆಯ ಕೊಂಡಿಗಳಿಗೆ ಉರಿ ಹಿಡಿಯುತ್ತಿದ್ದಳು. ಅವಳು ಉರಿ ಆರಿಸಿ ಎದ್ದಳು.

‘ನನಗ ಬರೂದು ಇದೊಂದ ಕೆಲಸರಿ. ಬಾಗಲಾ ತಗದ ಕುಂಡ್ರತೇನಿ’ ಎಂದಳು.

ಅವಳೂ ಒಂದು ಬಾಟಲಿ ತೆಗೆದುಕೊಂಡಳು.

ಈ ಲೋಹದ ಸಂಪರ್ಕವೇ ಇಲ್ಲದವರೊಬ್ಬರ ಮಾದರಿಯೂ ಬೇಕಿತ್ತು, ಹೋಲಿಸಿ ನೋಡಲಿಕ್ಕೆ. ಬಾಟಲಿಗಳನ್ನು ಎಣಿಸಿಡುತ್ತಿದ್ದಾಗ ಅವ್ವ, ನನ್ನದೂ ಒಂದು ತಗೋ ಎಂದಳು. ಅವ್ವ ಬೀಡಿ ಸಿಗರೇಟು ಮುಟ್ಟಿದವಳಲ್ಲ, ತಂಬಾಕು ಹಾಕಿದವಳಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ, ಬಸದಿ ಮತ್ತು ಮನೆ ಬಿಟ್ಟರೆ ಬೇರೇನೂ ತಿಳಿಯದ ಜೈನ ಹೆಣ್ಣುಮಗಳು. ಅವಳಿಗಿಂತ ನಿರ್ಮಲವಾದ ಮೈ ಎಲ್ಲಿ ಸಿಗಬೇಕು ಎಂದುಕೊಂಡೆ. ಹೆಸರಿನ ಬದಲು ಒಂದು ಅಂಕಿ ಬರೆದು ಅವಳ ಬಾಟಲಿಯನ್ನೂ ಸೇರಿಸಿದೆ.

ಈ ಸಲ ಬರೀ ನೀರು ಬರೀ ನೀರಾಗಿಯೇ ಇತ್ತು. ಫಲಿತಾಂಶ ಹೇಳಲು ಆ ರಸಾಯನಶಾಸ್ತ್ರಜ್ಞರೇ ಫೋನ್ ಮಾಡಿದರು. ಕೆಲಸಗಾರರಲ್ಲಿ ಬಹುಪಾಲು ಜನರ ಮೂತ್ರದಲ್ಲಿ ಲೋಹ ಮಿತಿ ಮೀರಿತ್ತು. ಅದನ್ನು ನಾನು ನಿರೀಕ್ಷಿಸಿದ್ದೆ. ಆಮೇಲೆ ಅವರು ಅವ್ವನ ಅಂಕಿ ಹೇಳಿ, ಇವರು ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ ಎಂದು ಕೇಳಿದರು.

ಇವರು ಕೆಲಸದವರಲ್ಲ ಎಂದೆ. ಹಾಗಾದರೆ ಬಾಟಲಿ ಅದಲುಬದಲಾಗಿದೆ, ಲೋಹ ಅರ್ಧಕ್ಕರ್ಧ ಕೆಲಸಗಾರರಿಗಿಂತ ಹೆಚ್ಚಿದೆ, ಸಣ್ಣ ಪ್ರೋಟೀನೂ ಸೋರುತ್ತಿದೆ ಎಂದರು.

ನಾನೂ ಅದಲುಬದಲೇ ಎಂದು ನಂಬಿದೆ. ಅವ್ವನಿಗೆ ಏನೂ ಹೇಳದೆ, ಮತ್ತೊಂದು ಬಾಟಲಿ ಬೇಕಾಯಿತು ಎಂದು ನೆಪ ಹೇಳಿ ಇನ್ನೊಮ್ಮೆ ತೆಗೆದುಕೊಂಡೆ. ನಾನೇ ತೊಳೆದ ಬಾಟಲಿ, ನಾನೇ ಬರೆದ ಅಂಕಿ, ಜೊತೆಗೆ ಬೇರೆ ಯಾರದ್ದೂ ಇಲ್ಲ. ಉತ್ತರ ಮೊದಲಿನದೇ ಬಂತು.

ಆ ದಿನ ಸಂಜೆ ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ರೊಟ್ಟಿ ಬಡಿಯುತ್ತಿದ್ದಳು. ನೆಲದ ಮೇಲೆ ಕೂರುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಬಸದಿಯಲ್ಲೂ ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂರುತ್ತಿದ್ದಳು. ಸೊಂಟ, ಪಕ್ಕೆಲುಬು, ತೊಡೆ ಎಲ್ಲ ನೋವು. ನಾನೇ ಅವಳಿಗೆ ವಯಸ್ಸಿನ ನೋವೆಂದು ಕ್ಯಾಲ್ಸಿಯಂ ಮಾತ್ರೆ ತಂದುಕೊಡುತ್ತಿದ್ದೆ. ಈ ಲೋಹ ಮೂತ್ರಪಿಂಡ ಕೆಡಿಸಿದರೆ ಎಲುಬಿನ ಸುಣ್ಣವೂ ಮೂತ್ರದಲ್ಲಿ ಸೋರಿಹೋಗಿ ಎಲುಬು ಟೊಳ್ಳಾಗುತ್ತದೆ ಎಂದು ಈಚೆಗೆ ಓದಿದ್ದೆ. ಅವತ್ತು ಆ ಸ್ಟೂಲನ್ನೂ ಅವಳ ಬೆನ್ನನ್ನೂ ಮೊದಲ ಸಲ ನೋಡುತ್ತಿರುವಂತೆ ನೋಡಿದೆ.

ಚಿಕ್ಕಂದಿನಲ್ಲಿ ಎಂದಾದರೂ ಚಾಂದಿ ಕೆಲಸ ಮಾಡಿದ್ದೆಯಾ ಎಂದು ಕೇಳಿದೆ. ಇದನ್ನು ಕೇಳುವುದೇನು ಎಂಬಂತೆ ಅವಳು ನನ್ನನ್ನು ನೋಡಿದಳು. ಅವಳ ತವರು ಆ ಸೀಮೆಯದೇ ಇನ್ನೊಂದು ಹಳ್ಳಿ ಎಂದು ನನಗೆ ಗೊತ್ತಿತ್ತು. ನಾನು ಕಂಡಾಗ ಅಲ್ಲಿ ಹೊಲಮನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಅವಳು ಹುಡುಗಿಯಾಗಿದ್ದಾಗ ಪಕ್ಕದ ಮನೆಯ ಪಡಸಾಲೆಯಲ್ಲಿ ಬೆಳ್ಳಿ ಕೆಲಸ ನಡೆಯುತ್ತಿತ್ತಂತೆ. ಶಾಲೆ ಬಿಟ್ಟ ಮೇಲಿಂದ ಮದುವೆಯಾಗುವ ತನಕ ಓಣಿಯ ಹುಡುಗಿಯರೆಲ್ಲ ಅಲ್ಲಿ ಸಾಲಾಗಿ ಕೂತು, ಸೀಮೆಎಣ್ಣೆ ದೀಪದ ಉರಿಯನ್ನು ಊದುಕೊಳವೆಯಿಂದ ಊದಿ ಕೊಂಡಿ ಬೆಸೆಯುತ್ತಿದ್ದರು. ಉರಿಯ ಹತ್ತಿರಕ್ಕೆ ಮುಖ ತರಬೇಕಿತ್ತು. ಊದಿ ಊದಿ ಮತ್ತೆ ಉಸಿರು ಎಳೆದುಕೊಳ್ಳಬೇಕಿತ್ತು. ಎಲ್ಲ ಹುಡುಗಿಯರೂ ಮಾಡುತ್ತಿದ್ದ ಕೆಲಸ. ಮಗಳಿಗೆ ಹೇಳಬೇಕಾದದ್ದು ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಪರೀಕ್ಷೆಯ ವಿಷಯ ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕಿ, ಹಂಚಿನಿಂದ ಇಳಿಸಿ, ಒಲೆ ಆರಿಸಿದಳು.

‘ಮದುವ್ಯಾಗಿ ನಾ ಆ ಕೆಲಸಾ ಬಿಟ್ಟ ಬಂದ್ನಿ. ಅದು ನನ್ನ ಬಿಟ್ಟಿಲ್ಲೇನ?’

ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮೂವತ್ತು ವರ್ಷಕ್ಕೂ ಮೀರಿ ಅವಳೊಂದಿಗೆ ಬಾಳಿದವರು. ಅವರಿಗೂ ಇದು ಗೊತ್ತಿರಲಿಲ್ಲ. ಆ ದಿನ ಹೊತ್ತು ಮುಳುಗಿತು, ಯಾರೂ ಉಣ್ಣಲಿಲ್ಲ.

ಮರುದಿನ ಬೆಳಗ್ಗೆ ಅವ್ವ ತಾನಾಗಿಯೇ ಮಾತು ತೆಗೆದಳು. ತನ್ನ ಜೊತೆ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿಯರನ್ನು ನೆನಪಿಸಿಕೊಂಡಳು. ಹತ್ತಿರದ ಗೆಳತಿಯರು ಮೂವರು. ಒಬ್ಬಳನ್ನು ಐನಾಪುರಕ್ಕೆ ಕೊಟ್ಟಿದ್ದರು, ಒಬ್ಬಳನ್ನು ಪಾಲಬಾವಿಗೆ, ಇನ್ನೊಬ್ಬಳನ್ನು ಅಥಣಿಗೆ. ‘ಅವರನ್ನೂ ನೋಡಬೇಕ’ ಎಂದಳು.

ಐನಾಪುರಕ್ಕೆ ಮೊದಲು ಹೋದೆವು. ಬಾಗಿಲಿಗೆ ಬಂದ ಸೊಸೆ ನಮ್ಮನ್ನು ಒಳಗೆ ಕರೆದು ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ತೋರಿಸಿದಳು. ಎರಡೂ ಮೂತ್ರಪಿಂಡ ಹೋಗಿ, ಮೀರಜದಲ್ಲಿ ಡಯಾಲಿಸಿಸ್ ಮಾಡಿಸುತ್ತ, ಹಿಂದಿನ ವರ್ಷ ತೀರಿಹೋಗಿದ್ದರು. ಸಕ್ಕರೆ ಕಾಯಿಲೆ ಇತ್ತೇ, ಬಿಪಿ ಇತ್ತೇ ಎಂದು ಕೇಳಿದೆ. ಏನೂ ಇರಲಿಲ್ಲವಂತೆ. ಯಾಕೆ ಹೀಗಾಯಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ ಎಂದಳು ಸೊಸೆ. ಅವ್ವ ಫೋಟೋದ ಮುಂದೆ ನಿಂತವಳು ಹೊರಡೋಣ ಎಂದರೂ ಕದಲಲಿಲ್ಲ.

ಪಾಲಬಾವಿಯ ಗೆಳತಿ ಬದುಕಿದ್ದರು. ತೋಟದ ಮನೆಯ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದರು. ಕೆಮ್ಮಿದಾಗ ಪಕ್ಕೆಲುಬು ಮುರಿದಿತ್ತು. ಬೆನ್ನು ಬಿಲ್ಲಿನಂತೆ ಬಾಗಿತ್ತು. ಅವ್ವನನ್ನು ಗುರುತಿಸಿ ಏಳಲು ನೋಡಿದರು, ಆಗಲಿಲ್ಲ. ಇಬ್ಬರೂ ಒಂದೇ ವಯಸ್ಸಿನವರು. ನೋಡಿದರೆ ಅವ್ವನಿಗೆ ತಾಯಿಯಂತೆ ಕಾಣುತ್ತಿದ್ದರು.

ಕೊನೆಗೆ ಅಥಣಿಗೆ ಹೋದೆವು. ಅಲ್ಲಿ ಬಾಗಿಲು ತೆಗೆದವರು ಸ್ವತಃ ಆ ಗೆಳತಿಯೇ. ತಲೆಯ ಮೇಲೆ ಕೊಡ ಹೊತ್ತು ಈಗಷ್ಟೇ ಇಳಿಸಿದ್ದರು. ನಗುತ್ತ ಬಂದು ಅವ್ವನನ್ನು ತಬ್ಬಿಕೊಂಡರು. ನಮ್ಮ ಕಡೆ ಅವ್ವನ ತಂಗಿಯನ್ನು ಕರೆಯುವಂತೆ ನಾನು ಅವರನ್ನು ಮಾವಶಿ ಎಂದು ಕರೆದೆ. ಒಂದು ನೋವಿಲ್ಲ, ಒಂದು ಮಾತ್ರೆ ಇಲ್ಲ. ಅವರ ಮಾದರಿಯನ್ನೂ ಕಳಿಸಿದೆ. ಲೋಹ ಅವ್ವನಷ್ಟೇ ಇತ್ತು. ಆದರೆ ಪ್ರೋಟೀನ್ ಸೋರುತ್ತಿರಲಿಲ್ಲ.

ಅದೇ ಪಡಸಾಲೆ, ಅದೇ ಉರಿ, ಅವೇ ವರ್ಷಗಳು. ಒಬ್ಬಳು ಸತ್ತಿದ್ದಳು, ಒಬ್ಬಳು ಮಲಗಿದ್ದಳು, ಒಬ್ಬಳು ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಒಬ್ಬಳು ಕೊಡ ಹೊರುತ್ತಿದ್ದಳು. ಯಾಕೆ ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಮಲೇರಿಯಾ ಪ್ರೋಟೀನಿನ ಯೋಜನೆ ಮೇಜಿನ ಮೇಲೆಯೇ ಇತ್ತು. ಅದನ್ನು ಓದಲು ಕೂತರೆ ಒಂದು ಪುಟ ಮುಂದೆ ಹೋಗಲು ಆಗುತ್ತಿರಲಿಲ್ಲ.

ಎರಡನೆಯ ಸುತ್ತಿನ ಸಂದರ್ಶನ ಚಳಿಗಾಲದಲ್ಲಿ ಬಂತು. ಉದ್ದ ಮೇಜಿನ ಆಚೆ ತಜ್ಞರು ಕೂತಿದ್ದರು. ನಾನು ಮಲೇರಿಯಾ ಬಿಟ್ಟು ಬೆಳ್ಳಿ ಬೆಸುಗೆಯ ಕತೆ ಹೇಳಿದೆ. ಅಂಕಿಗಳನ್ನು ತೋರಿಸಿದೆ. ಅವರಲ್ಲಿ ಹಿರಿಯರೊಬ್ಬರು, ಇದು ಜಿಲ್ಲಾ ಆರೋಗ್ಯ ಇಲಾಖೆ ಮಾಡಬೇಕಾದ ಕೆಲಸ, ಹೊಗೆ ನಿಲ್ಲಿಸಿದರೆ ಮುಗಿಯಿತು, ಇದರಲ್ಲಿ ಪಿಎಚ್.ಡಿ. ಮಾಡಲು ಗೊತ್ತಿಲ್ಲದ್ದು ಏನಿದೆ ಎಂದು ಕೇಳಿದರು.

ನಾಲ್ವರು ಗೆಳತಿಯರಲ್ಲಿ ನಾಲ್ಕನೆಯವರು ಹೇಗೆ ಉಳಿದರು ಎನ್ನುವುದು ಗೊತ್ತಿಲ್ಲ ಎಂದೆ. ರಕ್ತದಲ್ಲಿ ಕಬ್ಬಿಣ ಕಡಿಮೆ ಇದ್ದವರು, ಹೆಚ್ಚು ಹೆತ್ತವರು ಬೇಗ ಬಿದ್ದರೇ? ಲೋಹವನ್ನು ಕಟ್ಟಿಹಾಕುವ ಯಾವುದೋ ಪ್ರೋಟೀನು ನಾಲ್ಕನೆಯವರಲ್ಲಿ ಹೆಚ್ಚಿದೆಯೇ? ಹಾಸಿಗೆಯ ಪಕ್ಕ ಕೂತು ಕೇಳದೆ ಇದು ತಿಳಿಯದು, ಪ್ರಯೋಗಾಲಯವಿಲ್ಲದೆಯೂ ತಿಳಿಯದು, ಎರಡೂ ಪದವಿ ಬೇಕಿರುವುದು ಅದಕ್ಕೇ ಎಂದೆ. ಇವರಲ್ಲಿ ನಿಮಗೆ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಒಬ್ಬರು ಕೇಳಿದರು. ನಿಮ್ಮ ಮುಂದಿನ ಪಟ್ಟಿಯಲ್ಲಿ ಎರಡನೆಯ ಅಂಕಿ ನನ್ನ ತಾಯಿಯದು ಎಂದೆ.

ಬೇಸಿಗೆಯ ಹೊತ್ತಿಗೆ ಸಂಸ್ಥೆಯಿಂದ ಕರೆ ಬಂತು. ಸೀಟು ಕೊಟ್ಟಿದ್ದರು. ಆದರೆ ಸಂಶೋಧನೆ ಮಲೇರಿಯಾದ ಮೇಲೆಯೇ ಆಗಬೇಕು, ಅವರಲ್ಲಿ ಅನುದಾನ ಇರುವುದು ಅದಕ್ಕೆ. ಬೆಳ್ಳಿ ಕೆಲಸದ ವಿಷಯವನ್ನು ಪದವಿ ಮುಗಿದ ಮೇಲೆ ಬೇಕಾದರೆ ನೋಡಬಹುದು. ಒಪ್ಪಿಗೆ ತಿಳಿಸಲು ಒಂದು ವಾರ ಸಮಯ ಕೊಟ್ಟರು.

ಪ್ರೊಫೆಸರ್ ಹೋಗು ಎಂದರು. ಕಲಿಯುವ ವಿದ್ಯೆ ಒಂದೇ, ಮಲೇರಿಯಾದಲ್ಲಿ ಕಲಿತದ್ದನ್ನು ಆಮೇಲೆ ಇಲ್ಲಿಗೆ ತಾ, ಇಂಥ ಸೀಟು ಎರಡನೆಯ ಸಲ ಬರುವುದಿಲ್ಲ. ಅಪ್ಪನೂ ಅದನ್ನೇ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಥಣಿಯ ಮಾವಶಿ ಹೇಗೂ ಚೆನ್ನಾಗಿದ್ದಾರೆ, ನನ್ನ ಪ್ರಶ್ನೆ ಆರೇಳು ವರ್ಷ ಕಾಯಬಲ್ಲದು ಎಂದು ನಾನೂ ಮನಸ್ಸನ್ನು ಒಪ್ಪಿಸಿದೆ. ಬರುತ್ತೇನೆಂದು ತಿಳಿಸಲು ಸೋಮವಾರ ಫೋನ್ ಮಾಡುವುದೆಂದು ಆಯಿತು. ಅವ್ವ ನನ್ನ ಬಟ್ಟೆಗಳನ್ನು ಒಗೆದು ಮಡಿಸಿಡಲು ಶುರು ಮಾಡಿದಳು.

ಶನಿವಾರ ಮಧ್ಯಾಹ್ನ ಅಥಣಿಯಿಂದ ಮಾವಶಿಯ ಮಗ ಫೋನ್ ಮಾಡಿದ. ಮಾವಶಿ ಕಾಗವಾಡದಲ್ಲಿ ಬಸ್ಸಿನಿಂದ ಇಳಿಯುವಾಗ ತೊಡೆಯ ಎಲುಬು ಮುರಿದಿತ್ತು. ಬಿದ್ದದ್ದಲ್ಲ. ಕಾಲು ನೆಲಕ್ಕೆ ಇಟ್ಟದ್ದಷ್ಟೇ. ಎಲುಬು ಮುರಿದ ಸದ್ದು ಹಿಂದೆ ನಿಂತವರಿಗೂ ಕೇಳಿಸಿತಂತೆ. ಅಲ್ಲೇ ಕುಸಿದಿದ್ದರು.

ಉಳಿದವರು ಎಂದು ತಜ್ಞರ ಮುಂದೆ ಯಾರನ್ನು ತೋರಿಸಿದ್ದೆನೋ ಅವರೇ. ಹೇಗೆ ಉಳಿದರು ಎಂಬ ನನ್ನ ಪ್ರಶ್ನೆಯೇ ಸುಳ್ಳಾಗಿತ್ತು. ಯಾರೂ ಉಳಿದಿರಲಿಲ್ಲ. ನಾನು ಅವರ ಸರದಿ ಬರುವ ಮೊದಲು ಹೋಗಿ ನೋಡಿದ್ದೆ, ಅಷ್ಟೆ.

ಮರುದಿನ ಅವ್ವನೂ ನಾನೂ ಮೀರಜದ ಆಸ್ಪತ್ರೆಗೆ ಹೋದೆವು. ಮಾವಶಿಯ ಕಾಲಿಗೆ ಭಾರ ಕಟ್ಟಿ ಎಳೆದು ಮಲಗಿಸಿದ್ದರು. ಆಪರೇಷನ್ ಬುಧವಾರ ಇತ್ತು. ಎಲುಬಿನ ಡಾಕ್ಟರು ನನಗೆ ಎಕ್ಸ್‌ರೇ ತೋರಿಸಿ, ಈ ವಯಸ್ಸಿನ ಹೆಂಗಸಿನ ಎಲುಬು ಇಷ್ಟು ತೆಳುವಾಗಿ ಇರಬಾರದು ಎಂದರು. ವಯಸ್ಸಿನಿಂದಲೂ ಹೀಗಾಗಬಹುದು, ಒಬ್ಬರ ಎಲುಬಿನಿಂದ ಏನನ್ನೂ ಸಾಧಿಸಲಾಗದು ಎಂಬುದು ನನಗೆ ಗೊತ್ತಿತ್ತು. ಅಲ್ಲೇ ಮತ್ತೊಮ್ಮೆ ಅವರ ಮಾದರಿ ತೆಗೆದುಕೊಂಡೆ. ಅದರಲ್ಲಿ ಈಗ ಪ್ರೋಟೀನ್ ಸೋರುತ್ತಿತ್ತು ಎಂಬುದು ತಿಳಿದದ್ದು ಆಮೇಲೆ. ಆದರೆ ನಿರ್ಧಾರಕ್ಕೆ ಅದು ಬರುವ ತನಕ ನಾನು ಕಾಯಲಿಲ್ಲ.

ಮಾವಶಿ ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು.

‘ನಿನ್ನ ಪರೀಕ್ಷಾದಾಗ ನಾ ಪಾಸ್ ಆಗಿದ್ನೆಲ್ಲವಾ’ ಎಂದರು.

ಅವ್ವ ಮಂಚದ ಅಂಚಿಗೆ ಕೂತು ಅವರ ಕೈ ಹಿಡಿದುಕೊಂಡಳು. ಇಬ್ಬರೂ ಆ ಪಡಸಾಲೆಯ ಬಗ್ಗೆ ಮಾತಾಡತೊಡಗಿದರು. ಸಾಲಿನಲ್ಲಿ ಕೂರುತ್ತಿದ್ದ ಇನ್ನೂ ಕೆಲವರ ಹೆಸರು ಹೊರಬಂದವು. ಒಬ್ಬಳು ಜುಗೂಳದಲ್ಲಿದ್ದಾಳೆ, ಇನ್ನೊಬ್ಬಳು ರಾಯಬಾಗದಲ್ಲಿ. ನಾನು ಕೇಳುತ್ತ ನಿಂತಿದ್ದೆ. ಈ ಹೆಂಗಸರು ಯಾವ ಕಾರ್ಖಾನೆಯಲ್ಲೂ ಇರಲಿಲ್ಲ, ಯಾವ ಇಲಾಖೆಯೂ ಇವರನ್ನು ಹುಡುಕಿಕೊಂಡು ಬರುವಂತಿರಲಿಲ್ಲ. ಮದುವೆಯಾಗಿ ದಿಕ್ಕಿಗೊಬ್ಬರಂತೆ ಹೋದವರು. ಇವರ ಮನೆಯ ದಾರಿ ಗೊತ್ತಿದ್ದದ್ದು ಅವ್ವನಿಗೆ ಮಾತ್ರ. ನನಗಿದ್ದ ಪ್ರಶ್ನೆ ಈಗ ಬೇರೆಯಾಗಿತ್ತು. ಯಾರು ಉಳಿಯುತ್ತಾರೆ ಎಂಬುದಲ್ಲ. ಯಾರಿಗೆ ಯಾವಾಗ ಎಂಬುದನ್ನು ಎಲುಬು ಮುರಿಯುವ ಮೊದಲೇ ಹೇಗೆ ತಿಳಿಯುವುದು ಎಂಬುದು. ಅದಕ್ಕೆ ವರ್ಷವರ್ಷವೂ ಇವರ ಜೊತೆ ಇರಬೇಕು.

ಆ ಸೀಟಿಗೆ ಹೋಗುವುದಿಲ್ಲ ಎಂದು ಅಲ್ಲಿಯೇ ಹೇಳಿದೆ. ಬೆಳಗಾವಿಯಲ್ಲಿ ಎಂ.ಡಿ. ಮಾಡುತ್ತೇನೆ, ಪಿಎಚ್.ಡಿ.ಗೆ ಬೇರೆಯಾಗಿ ಹೆಸರು ಹಚ್ಚುತ್ತೇನೆ, ನಿಮ್ಮೆಲ್ಲರನ್ನೂ ಆಗಾಗ ಬಂದು ನೋಡುತ್ತೇನೆ ಎಂದೆ. ಜೋಡಿಯಾಗಿ ಸಿಗುವುದನ್ನು ಬಿಟ್ಟು ಒಂದರ ಹಿಂದೆ ಒಂದು ಮಾಡುವುದರಿಂದ ಇನ್ನೂ ಹೆಚ್ಚು ವರ್ಷ ಹಿಡಿಯುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

‘ಅಷ್ಟ ವರ್ಷ ನಾವು ಇರ್ತೀವೇನ?’ ಎಂದು ಮಾವಶಿ ಅವ್ವನನ್ನು ಕೇಳಿದರು.

‘ಇರೂಣು’ ಎಂದಳು ಅವ್ವ. ‘ಆಕಿ ಓದು ಮುಗೀಬೇಕಲ್ಲ.’

ಸೋಮವಾರ ಸಂಸ್ಥೆಗೆ ಫೋನ್ ಮಾಡಿದೆ. ಕಾರಣ ಏನೆಂದು ಬರೆದುಕೊಳ್ಳಬೇಕು ಎಂದರು. ಮನೆಯ ಕಾರಣ ಎಂದೆ. ಪ್ರೊಫೆಸರ್ ಹಲವು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅವರೇ ನನ್ನ ಪಿಎಚ್.ಡಿ.ಗೆ ಮಾರ್ಗದರ್ಶಕರಾದರು.

ಆ ಊರಿನ ಹಲವು ಕೋಣೆಗಳಲ್ಲಿ ಈಗ ಹೊಗೆ ಎಳೆಯುವ ಫ್ಯಾನುಗಳಿವೆ. ಕ್ಯಾಡ್ಮಿಯಂ ಇಲ್ಲದ ಕಡ್ಡಿ ಬಳಸುವವರಿದ್ದಾರೆ, ಬಳಸದವರೂ ಇದ್ದಾರೆ. ಅವ್ವನ ಜೊತೆ ಬಸ್ಸಿನಲ್ಲಿ ಓಡಾಡಿ ಅವಳ ಸಾಲಿನ ಹುಡುಗಿಯರಲ್ಲಿ ಬದುಕಿದ್ದವರನ್ನೆಲ್ಲ ಹುಡುಕಿದೆ. ಕೆಲವರಿಗೆ ಎಲುಬು ಮುರಿಯುವ ಮೊದಲೇ ಔಷಧ ಕೊಡಲು ಆಯಿತು, ಕೆಲವರಿಗೆ ಆಗಲಿಲ್ಲ. ಪಾಲಬಾವಿಯ ಗೆಳತಿ ಎರಡನೆಯ ವರ್ಷ ಹೋದರು.

ನನ್ನ ಪ್ರಬಂಧ ಒಪ್ಪಿತವಾಗಿದೆ ಎಂಬ ಸುದ್ದಿ ಬಂದ ದಿನ ಅವ್ವ ಬಸದಿಗೆ ಹೋಗಿದ್ದಳು. ನಾನು ಅಲ್ಲಿಗೇ ಹೋಗಿ ಹೇಳಿದೆ. ಅವಳು ಕುರ್ಚಿಯಲ್ಲೇ ಕೂತು ಕೈಮುಗಿದಳು. ಆಮೇಲೆ ಅಥಣಿಗೆ ಫೋನ್ ಹಚ್ಚು ಎಂದಳು. ಹಚ್ಚಿದೆ. ಮಾವಶಿಯ ಮಗ ಎತ್ತಿದ. ಅವನೂ ಅದೇ ಹೊತ್ತಿಗೆ ನಮಗೆ ಫೋನ್ ಮಾಡುವುದರಲ್ಲಿದ್ದನಂತೆ. ಮಾವಶಿ ಅಂದು ಬೆಳಗ್ಗೆ ಹೋಗಿಬಿಟ್ಟಿದ್ದರು.